ಗೊನಾರಿಯು ಮಾಮನ ಮುಂದಿಟ್ಟ ಚೀಸ್

ನಮ್ಮ ಮಮೊಯಾದಾ ಊರಲ್ಲಿ ವೈನ್ ಮಾಡದ ಮನೆಯನ್ನು ಮನೆಯೆಂದು ಯಾರೂ ಒಪ್ಪುವುದಿಲ್ಲ. ನಮ್ಮ ಕನ್ನೊನಾವು ದ್ರಾಕ್ಷಿಯ ವೈನ್ ನೋಡಲು ಕಪ್ಪೇನಲ್ಲ, ತಿಳಿಗೆಂಪು. ಆ ಬಣ್ಣ ನೋಡಿ ಮೋಸಹೋದವರು ಎರಡನೆಯ ಲೋಟಕ್ಕೇ ಗೋಡೆ ಹಿಡಿದು ನಡೆಯುತ್ತಾರೆ. ಮೂಗಿಗೆ ಒಣಗಿದ ಚೆರ್ರಿ ಹಣ್ಣಿನ ವಾಸನೆ, ಬೇಸಿಗೆಯ ಗುಡ್ಡದ ವಾಸನೆ, ಗಂಟಲಲ್ಲಿ ಬಿಸಿ. ಅದಕ್ಕೆ ಕೆಂಡದ ಮೇಲೆ ಸುಟ್ಟ ಹಂದಿಮರಿ ಬೇಕು, ಇಲ್ಲವೇ ಆಲೂಗಡ್ಡೆ, ಈರುಳ್ಳಿ ಹಾಕಿ ಬೇಯಿಸಿದ ಮುದಿ ಕುರಿ. ಮೀನಿನ ಜೊತೆ ಅದನ್ನು ಕುಡಿದ ಅಳಿಯನೊಬ್ಬನನ್ನು ನನ್ನ ಅಪ್ಪ ಪ್ರಿಯಾಮು ಹತ್ತು ವರ್ಷ ಆಡಿಕೊಂಡಿದ್ದ.

ಅಪ್ಪನದು ಇನ್ನೊಂದು ಕಟ್ಟುನಿಟ್ಟಿತ್ತು. ಹಳೆಯ ಕುರಿಹಾಲಿನ ಚೀಸ್ ಬಾಯಲ್ಲಿದ್ದರೆ ಎಂಥ ಕೆಟ್ಟ ವೈನೂ ರುಚಿಸುತ್ತದೆ. ಹಾಗಾಗಿ ಕೊಳ್ಳಲು ಬಂದ ವ್ಯಾಪಾರಿಯ ಮುಂದೆ ಅವನು ಮೊದಲು ಚೀಸ್ ಇಡುತ್ತಿದ್ದ. ಗೆಳೆಯರಿಗೆ ಬರೀ ರೊಟ್ಟಿ, ಹಪ್ಪಳದಂಥ ನಮ್ಮ ಗರಿಗರಿ ರೊಟ್ಟಿ. ಅವರು ಕುಡಿದು, ಇದ್ದದ್ದು ಇದ್ದ ಹಾಗೆ ಹೇಳಿದ ಮೇಲಷ್ಟೇ ಚೀಸ್ ಹೊರಬರುತ್ತಿತ್ತು.

ಮೂವತ್ತು ವರ್ಷದ ಹಿಂದೆ, ಸುಗ್ಗಿಗೆ ಎರಡು ತಿಂಗಳಿರುವಾಗ, ಅಪ್ಪ ತೀರಿಕೊಂಡ. ನನಗಾಗ ಇಪ್ಪತ್ತಾರು. ದ್ರಾಕ್ಷಿ ತೋಟ ಅಪ್ಪನದೂ ಅವನ ಗೆಳೆಯ ಗೊನಾರಿಯು ಮಾಮನದೂ ಜಂಟಿ. ಒಂದೇ ಜೋಡಿ ಎತ್ತು ಹೂಡಿ ಇಬ್ಬರೂ ನಲವತ್ತು ವರ್ಷ ಉತ್ತಿದ್ದರು. ವೈನ್ ಮಾಡುತ್ತಿದ್ದದ್ದು ಮಾತ್ರ ನಮ್ಮ ನೆಲಮನೆಯಲ್ಲಿ, ಅಪ್ಪನೇ.

ಮಣ್ಣು ಮಾಡಿದ ಮರುವಾರ ಮಾಮ ಬಂದರು. "ಪಸ್ಕಾ, ಈ ಸಲ ನೀನೇ ಮಾಡು. ನವೆಂಬರಲ್ಲಿ ಸಂತ ಮಾರ್ತಿನೊ ಹಬ್ಬಕ್ಕೆ ಪೀಪಾಯಿ ತೆರೀತೀಯಲ್ಲ, ಆವತ್ತು ಬರ್ತೀನಿ. ಕುಡಿಯೋ ಹಾಗಿದ್ರೆ ಸರಿ. ಇಲ್ದಿದ್ರೆ ಬರೋ ವರ್ಷದಿಂದ ದ್ರಾಕ್ಷಿ ಸಹಕಾರ ಸಂಘದ ಗಾಣಕ್ಕೆ, ನೆಲಮನೆಗೆ ಬೀಗ."

"ಹುಡುಗಿ ಕೈಲಿ ಆಗಲ್ಲ ಅಂತಲಾ ಮಾಮ?"

"ಆಗಲ್ಲ ಅಂದಿದ್ರೆ ಈಗಲೇ ಬೀಗ ಹಾಕ್ತಿದ್ದೆ."

ಆ ನೆಲಮನೆಯ ತೇವ, ಹುಳಿ ವಾಸನೆಯಲ್ಲಿ ಅಪ್ಪ ಇನ್ನೂ ಇದ್ದ. ಬೀಗ ಬಿದ್ದರೆ ಅವನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಿದ್ದೆ. ಸುಗ್ಗಿ ಮುಗಿಸಿ ಹಗಲೆಲ್ಲ ಪೀಪಾಯಿಯೊಳಗೆ ಹುದುಗುವ ಸದ್ದಿಗೆ ಕಿವಿಗೊಟ್ಟು ಕೂತೆ. ಹಬ್ಬದ ಹಿಂದಿನ ದಿನ ತಡೆಯಲಾರದೆ ಒಂದು ಗುಟುಕು ತೆಗೆದು ರುಚಿ ನೋಡಿದರೆ ಬರೀ ಒಗರು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿಂಗೆ ನಿನ್ನ ವೈನೇ ಬೇಡವಾಯ್ತಲ್ಲೇ!" ಎಂದಳು ಅಮ್ಮ.

ಹೆದರಿಕೆ ಎಂಥ ಕೆಲಸ ಮಾಡಿಸುತ್ತದೆ ನೋಡಿ. ಮಾಮ ಬಂದು ಅಪ್ಪನ ಮೂರು ಕಾಲಿನ ಮಣೆಯ ಮೇಲೆ ಕೂತದ್ದೇ ತಡ, ಎರಡು ವರ್ಷದ ಚೀಸನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಅವರ ಮುಂದಿಟ್ಟೆ. ಮಾಮ ತಟ್ಟೆಯನ್ನೂ ನನ್ನನ್ನೂ ನೋಡಿದರು.

"ನಾನು ಕೊಳ್ಳೋಕೆ ಬಂದಿದ್ದೀನೇನಮ್ಮ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಮ್ಮಲ್ಲಿ ಮುಖಕ್ಕೆ ಬಾಗಿಲು ಹಾಕಿದರೂ ಜನ ಮರೆತಾರು, ಗೆಳೆಯನನ್ನು ವ್ಯಾಪಾರಿಯಂತೆ ಕಂಡದ್ದನ್ನು ಮರೆಯುವುದಿಲ್ಲ. ಮಾಮ ತಟ್ಟೆಯನ್ನು ಆಚೆ ತಳ್ಳಿದರು.

"ಸುರಿ."

ಸುರಿದೆ. ಒಂದು ಗುಟುಕು ಕುಡಿದರು. ರೊಟ್ಟಿ ಮುರಿದು ತಿಂದರು. ಮತ್ತೆ ಕುಡಿದರು.

"ಒಗರು. ಟಗರು ಹಾಯ್ದ ಹಾಗಿದೆ."

"ಗೊತ್ತು ಮಾಮ," ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು.

"ಅಳೋದು ಆಮೇಲೆ, ಮೊದಲು ಕೇಳು. ನಿಮ್ಮಪ್ಪ ಮೊದಲನೇ ವರ್ಷ ಇದೇ ಪೀಪಾಯಿ ತೆರೆದಾಗ ನನ್ನ ಮುಂದೆ ಏನಿಟ್ಟಿದ್ದ ಹೇಳು?"

"ರೊಟ್ಟಿ."

"ಚೀಸ್! ಇದಕ್ಕಿಂತ ದೊಡ್ಡ ತುಂಡು. ನನ್ನ ಮುಖ ನೋಡೋಕೂ ಹೆದರ್ತಿದ್ದ ಮಹಾರಾಯ."

ನನಗೆ ನಂಬಿಕೆ ಬರಲಿಲ್ಲ. "ನೀವೇನು ಮಾಡಿದ್ರಿ?"

"ಪೂರ್ತಿ ತಿಂದೆ. ಅದಿಲ್ದೆ ಅವನ ವೈನ್ ಗಂಟಲಲ್ಲಿ ಇಳೀತಿರಲಿಲ್ಲ." ಮಾಮ ಖಾಲಿ ಲೋಟವನ್ನು ನನ್ನತ್ತ ಚಾಚಿದರು. "ನಿಂದಕ್ಕೆ ಚೀಸ್ ಬೇಡ. ಹೋಗು, ಅಮ್ಮಂಗೆ ಕುರಿ ಬೇಯಿಸೋಕೆ ಹೇಳು. ಒಗರಿಗೆ ಕೊಬ್ಬು ಸಿಕ್ಕಿದ್ರೆ ತಾನೇ ಸರಿಹೋಗುತ್ತೆ."

ನೆಲಮನೆಗೆ ಬೀಗ ಬೀಳಲಿಲ್ಲ. ಮಾಮ ಹೋಗಿಯೂ ಹನ್ನೊಂದು ವರ್ಷವಾಯಿತು. ಹಬ್ಬದ ದಿನ ಪೀಪಾಯಿ ತೆರೆಯುವಾಗ ಇಂದಿಗೂ ಹೆದರುತ್ತೇನೆ, ಇಂದಿಗೂ ಗೆಳೆಯರ ಮುಂದೆ ರೊಟ್ಟಿಯನ್ನಷ್ಟೇ ಇಡುತ್ತೇನೆ. ಅಷ್ಟು ವರ್ಷ ಜೊತೆಗಿದ್ದೂ, ತಾನೂ ಒಮ್ಮೆ ಹೀಗೆಯೇ ಹೆದರಿದ್ದೆ ಎಂದು ಅಪ್ಪ ನನಗೆ ಹೇಳಿರಲೇ ಇಲ್ಲ.