ಏಕಾಂತಪ್ಪನ ತಾಮ್ರದ ತಂತಿ

ಮೋಟಾರಿನ ಬಳಿ ನಿಂತು ಒಮ್ಮೆ ಮೂಸಿದರೆ ಸಾಕು, ಟ್ಯಾಂಕಿನಲ್ಲಿ ಎಷ್ಟು ಗ್ಯಾಲನ್ ಪೆಟ್ರೋಲ್ ಉಳಿದಿದೆಯೆಂದು ಏಕಾಂತಪ್ಪ ಹೇಳಬಲ್ಲನೆಂಬ ವದಂತಿ ಆದವಾನಿಯ ಹತ್ತಿ ಬಜಾರಿನಿಂದ ಹೊರಟು ಆಲೂರಿನವರೆಗೂ ಹಬ್ಬಿತ್ತು. ಅದು ಶುದ್ಧ ಸುಳ್ಳು. ಜಿನ್ನಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಹತ್ತಿಯ ಧೂಳನ್ನೇ ಉಸಿರಾಡಿದ ಆ ಮೂಗಿಗೆ ಪೆಟ್ರೋಲಿರಲಿ, ಮಲ್ಲಿಗೆಯ ವಾಸನೆಯೂ ತಿಳಿಯುತ್ತಿರಲಿಲ್ಲ. ಅವನ ಬಳಿ ಇದ್ದದ್ದು ಒಂದು ಪ್ರಶ್ನೆ ಮಾತ್ರ: “ಅದಿರ್ಲಿ, ಯಾವಾಗಿಂದ?”

ಯಂತ್ರ ಕೆಟ್ಟಿತೆಂದು ಬಂದವರನ್ನೂ, ತಲೆನೋವೆಂದು ಕೂತ ನೆರೆಮನೆಯವಳನ್ನೂ, ನಮ್ಮ ಸೀಮೆ ಬಳ್ಳಾರಿ ಜಿಲ್ಲೆಯಿಂದ ಆಂಧ್ರದ ಕರ್ನೂಲಿಗೆ ಸೇರಿಹೋಯಿತೆಂದು ಕೊರಗುವ ಗುಮಾಸ್ತನನ್ನೂ ಅವನು ಒಂದೇ ಧ್ವನಿಯಲ್ಲಿ ಕೇಳುತ್ತಿದ್ದ. ವೈಶಾಖದ ಉರಿಯಲ್ಲೂ ಮೈ ಬಿಡದ ಕಪ್ಪು ಉಣ್ಣೆಯ ಕೋಟು. ಅದರ ಎಡಜೇಬಿನಲ್ಲಿ ಸುರುಳಿ ಸುತ್ತಿದ ಒಂದು ಮಾರು ತಾಮ್ರದ ತಂತಿ. ತಿರುಗುವ ಯಂತ್ರಪಟ್ಟಿಗಳ ನಡುವೆ ನುಸುಳಿ ನುಸುಳಿ ಅಭ್ಯಾಸವಾಗಿ, ಬಟ್ಟಬಯಲಿನಲ್ಲೂ ಒಂದು ಹೆಗಲನ್ನು ಮುಂದುಮಾಡಿ ಓರೆಯಾಗಿ ಸಾಗುವ ನಡಿಗೆ.

೧೯೫೭ರ ಬೇಸಿಗೆಯಲ್ಲಿ, ಎಂ.ಎ. ಪರೀಕ್ಷೆ ಮುಗಿಸಿ ಬಂದು ಹತ್ತಿ ವರ್ತಕ ಮರಿಬಸಪ್ಪ ಸಾಹುಕಾರರ ಮಳಿಗೆಯ ಮೇಲಿನ ಕೋಣೆಯಲ್ಲಿದ್ದ ನನಗೆ, ಆ ಪ್ರಶ್ನೆಯ ಬಲವನ್ನು ಕಣ್ಣಾರೆ ಕಾಣುವ ಯೋಗ ಬಂತು. ಸಾಹುಕಾರರ ಸೀಮೆ ಮೋಟಾರು ಆಲೂರಿನ ದಾರಿಯಲ್ಲಿ ಪೆಟ್ರೋಲ್ ತೀರಿ ನಿಂತುಬಿಟ್ಟಿತ್ತು. ಬೆಳಿಗ್ಗೆ ಹೊರಡುವಾಗ ಪೆಟ್ರೋಲ್ ಮಾಪಕದ ಮುಳ್ಳು ‘ತುಂಬಿದೆ’ ಎಂದು ತೋರಿಸಿದ್ದನ್ನು ಅವರೇ ನೋಡಿದ್ದರು. ಮುಳ್ಳು ಕೆಟ್ಟಿರಬಹುದೆಂದು ಮದರಾಸಿನಿಂದ ಹೊಸದನ್ನು ತರಿಸಿ ಕೂಡಿಸಿದರು. ಅದೂ ‘ತುಂಬಿದೆ’ ಎಂದಿತು. ಅದನ್ನೇ ನಂಬಿ ಹೊರಟ ಡ್ರೈವರ್ ನರಸಣ್ಣ ಮತ್ತದೇ ದಾರಿಯಲ್ಲಿ ನಿಂತ. ಸಾಹುಕಾರರು ಜಟಕಾದಲ್ಲಿ ಹೋಗಿ ನೋಡಿದಾಗ ಮುಳ್ಳು ಸೊನ್ನೆಯ ಮೇಲಿತ್ತು. ಗಾಡಿಯ ಕೀಲಿ ಹೊರತೆಗೆದರೆ ಅಂಥ ಮುಳ್ಳು ತಾನಾಗಿ ಸೊನ್ನೆಗೆ ಬೀಳುತ್ತದೆಂಬುದು ಆ ಸಿಟ್ಟಿನಲ್ಲಿ ಯಾರಿಗೂ ಹೊಳೆಯಲಿಲ್ಲ.

“ಒಂದಲ್ಲ, ಎರಡು ಮುಳ್ಳು ಸಾಕ್ಷಿ ಹೇಳ್ಯಾವು. ಸೀಮೀ ಮುಳ್ಳು ಸುಳ್ಳು, ನೀನೊಬ್ಬ ಸತ್ಯವಂತ ಏನಲೇ? ದಾರ್ಯಾಗ ಪೆಟ್ರೋಲ್ ಇಳಿಸಿ ಮಾರಿಕೊಂಡೀಯ!” ಎಂದು ಸಾಹುಕಾರರು ತುಂಬಿದ ಬಜಾರಿನಲ್ಲಿ ನರಸಣ್ಣನ ಮೇಲೆ ಗುಡುಗಿದರು. ಸೋಮವಾರ ಕೀಲಿ ಒಪ್ಪಿಸಿ ಹೋಗಬೇಕೆಂದರು.

“ಹನ್ನೊಂದು ವರ್ಷದಾಗ ನಿಮ್ಮ ಎಣ್ಣಿ ನನ್ನ ಅಂಗಿಗೆ ಹತ್ತಿರಬೋದ್ರಿ, ಮನಿಗೆ ಹೋಗಿಲ್ಲ,” ಎಂದಷ್ಟೇ ಅಂದ ನರಸಣ್ಣ. ಕಳ್ಳನೆನಿಸಿಕೊಂಡವನ ಕೈಗೆ ಊರಿನಲ್ಲಿ ಇನ್ಯಾರೂ ಸ್ಟೀರಿಂಗ್ ಕೊಡುವಂತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ: ನಾನೂ ಮುಳ್ಳನ್ನೇ ನಂಬಿದ್ದೆ.

ಎತ್ತು ಕಟ್ಟಿ ಎಳೆತಂದ ಮೋಟಾರು ಅಂಗಳದಲ್ಲಿ ನಿಂತಿದ್ದಾಗ ಏಕಾಂತಪ್ಪ ಓರೆಯಾಗಿ ಒಳಗೆ ಬಂದ. ಮುಳ್ಳಿನತ್ತ ನೋಡಲೂ ಇಲ್ಲ.

“ಅದಿರ್ಲಿ ಸಾವ್ಕಾರ್ರ, ಯಾವಾಗಿಂದ?”

ಉತ್ತರ ಬಂದದ್ದು ಜಗಲಿಯ ಮೇಲಿದ್ದ ಸಾಹುಕಾರರ ತಾಯಿ ಅಕ್ಕನಾಗಮ್ಮನವರಿಂದ. “ನಾ ಉರುಕುಂದದ ಗುಡಿಗೆ ಹೋಗಿ ಬಂದ ಮ್ಯಾಲಿಂದಪ್ಪ. ಗಾಡಿ ಹಿಂಬದಿ ಟ್ಯಾಂಕು ಗಡಗಡ ಅಂದು ನನ್ನ ತಲಿ ಒಡದಿತ್ತು. ನನ್ನ ಮಗ ಅದಕ್ಕ ಹತ್ತಿ ಸುತ್ತಿಸಿದ. ಈಗ ತೊಟ್ಟಿಲದಾಗ ಕುಂತಂಗ ಐತಿ.”

ಏಕಾಂತಪ್ಪ ಸಾಹುಕಾರರನ್ನು ಡ್ರೈವರನ ಸೀಟಿನಲ್ಲಿ ಕೂಡಿಸಿದ. “ಟ್ಯಾಂಕು ಒಣಗೈತಿ, ಹೌದಲ್ರಿ? ಕೀಲಿ ತಿರುವ್ರಿ.” ತಿರುಗಿಸಿದರು. ಹನಿ ಪೆಟ್ರೋಲಿಲ್ಲದ ಗಾಡಿಯ ಮುಳ್ಳು ಮೆಲ್ಲನೆ ಎದ್ದು, ‘ತುಂಬಿದೆ’ ಎಂಬಲ್ಲಿ ನಿಂತಿತು.

ಅಷ್ಟರಲ್ಲಿ ಕಪ್ಪು ಕೋಟು ಗಾಡಿಯಡಿ ಮಾಯವಾಗಿತ್ತು. ಟ್ಯಾಂಕಿನ ಸುತ್ತ ನಾಲ್ಕು ಬೆರಳು ದಪ್ಪದ ಹತ್ತಿ, ಅದರ ಮೇಲೆ ಗೋಣಿಪಟ್ಟಿ. ಪೆಟ್ರೋಲ್ ನಳಿಗೆಗೂ ರಬ್ಬರಿನ ತುಂಡು. ಟ್ಯಾಂಕಿನೊಳಗಿನ ತೇಲುಬೆಂಡಿನವರೆಗೆ ತಂತಿಯಲ್ಲಿ ಹೋದ ವಿದ್ಯುತ್ತು ಟ್ಯಾಂಕಿನ ಮೈಮೂಲಕ ಗಾಡಿಯ ಕಬ್ಬಿಣಕ್ಕೆ ಮರಳಿದರೆ ತಾನೆ ಮುಳ್ಳಿಗೆ ಸುದ್ದಿ? ಮರಳುವ ದಾರಿಯನ್ನು ಹತ್ತಿ ಮುಚ್ಚಿತ್ತು. ದಾರಿ ಕಡಿದ ಮುಳ್ಳು ಸದಾ ಭರ್ತಿಯನ್ನೇ ತೋರುತ್ತಿತ್ತು. ಏಕಾಂತಪ್ಪ ಜೇಬಿನ ತಂತಿಯ ಒಂದು ತುದಿಯನ್ನು ಟ್ಯಾಂಕಿಗೆ, ಇನ್ನೊಂದನ್ನು ಚೌಕಟ್ಟಿಗೆ ಒತ್ತಿ ಹಿಡಿದ.

“ದಿಗಿಂದಿ! ಮುಳ್ಳು ದಿಗಿಂದಿರಾ!” ಗಾಡಿಯ ಕಿಟಕಿಗೆ ಮುಗಿಬಿದ್ದಿದ್ದ ಹಮಾಲಿಗಳು ತೆಲುಗಿನಲ್ಲಿ ಕೂಗಿದರು. ಮುಳ್ಳು ಸೊನ್ನೆಗೆ ಇಳಿದಿತ್ತು. ಡಬ್ಬಿಯಿಂದ ನರಸಣ್ಣ ಪೆಟ್ರೋಲ್ ಸುರಿದಂತೆ, ಅವನ ಕೈಯನ್ನೇ ಹಿಂಬಾಲಿಸುವಂತೆ, ಅದು ಗೆರೆಗೆರೆಯಾಗಿ ಏರಿತು.

“ಸಾಕ್ಷೀದಾರನ ಬಾಯಿಗೆ ನೀವೇ ಹತ್ತಿ ತುರುಕೀರಲ್ರಿ!” ಗಾಡಿಯಡಿಯಿಂದ ಧ್ವನಿ ಬಂತು.

ಹತ್ತಿಯನ್ನು ಅವನು ಕೀಳಲಿಲ್ಲ. ಅಜ್ಜಿಯ ತಲೆಯೂ ಉಳಿಯಬೇಕಲ್ಲ. ಎರಡು ಕಡೆ ಬಣ್ಣ ಕೆರೆದು, ತಂತಿಯನ್ನು ಸ್ಕ್ರೂ ಹಾಕಿ ಬಿಗಿದ. “ಗಾಡಿ ತೆಗಿ ನರಸಣ್ಣ,” ಎಂದು ಸಾಹುಕಾರರು ಹಿಂದಿನ ಬಾಗಿಲಿಗೆ ಕೈ ಹಾಕಿದರು. ಏಕಾಂತಪ್ಪ ಅಡ್ಡ ನಿಂತ. “ಅದಿರ್ಲಿ ಸಾವ್ಕಾರ್ರ. ಕಳ್ಳ ಅಂದದ್ದು ಬಜಾರದಾಗ.”

ಮರಿಬಸಪ್ಪನವರು ಹಿಂದಿನ ಬಾಗಿಲಿನಿಂದ ಕೈ ತೆಗೆದರು. ಬಳಿಕ ಮುಂದಿನ ಬಾಗಿಲು ತೆರೆದು, ಎಂದೂ ಕೂರದಿದ್ದ ಕಡೆ, ಡ್ರೈವರನ ಪಕ್ಕದಲ್ಲಿ ಕೂತರು. ಬಜಾರಿನ ನಟ್ಟನಡುವೆ ಗಾಡಿ ನಿಲ್ಲಿಸಿ ಕೂಗಿ ಹೇಳಿದರು: “ಹತ್ತಿ ನಂದು, ತಪ್ಪೂ ನಂದು. ನರಸಣ್ಣ ಕಳ್ಳಲ್ಲ!” ಹಮಾಲಿಗಳ ಶಿಳ್ಳೆ ನನ್ನ ಕೋಣೆಯವರೆಗೂ ಕೇಳಿಸಿತು.

ಯಂತ್ರಗಳನ್ನು ಬಲ್ಲವರು ಬಹಳ ಮಂದಿ. ಮನುಷ್ಯನ ಮೇಲೆ ತಪ್ಪು ಹೊರಿಸುವ ಮುನ್ನ ಯಂತ್ರದ ಬೆನ್ನ ಹಿಂದೆ ಹೋಗಿ ನೋಡುವ, ನೆಲದ ಮೇಲೆ ಅಂಗಾತ ಮಲಗಲು ನಾಚದ ಏಕಾಂತಪ್ಪನಂಥವರು ಊರಿಗೊಬ್ಬರಿದ್ದರೂ ಎಷ್ಟೋ ಹೆಸರುಗಳು ಮಣ್ಣುಪಾಲಾಗದೆ ಉಳಿಯುತ್ತವೆ.

ಇದು ನಡೆದು ಎರಡು ವರ್ಷ. ತಂತಿ ಅಲ್ಲೇ ಇದೆ. ನರಸಣ್ಣ ಅದೇ ಗಾಡಿ ನಡೆಸುತ್ತಿದ್ದಾನೆ.