ತವರಿನಲ್ಲಿ ಹುಟ್ಟಿದ ಪೈಲವಾನ

ಶಿರಸಿ ಕಚೇರಿಯ ಹಿಂದಿನ ಬಯಲಿನಲ್ಲಿ ಶಿವಪುತ್ರಪ್ಪ ಎದುರಾಳಿಯನ್ನು ಚಿತ್ ಮಾಡಿದಾಗ, ಅವನ ತಾಯಿ ನೀಲಗಂಗವ್ವನ ಬಾಯೊಳಗಿನ ಎಲೆ-ಅಡಿಕೆ ಇನ್ನೂ ಕೆಂಪೇರಿರಲಿಲ್ಲ. ಅಷ್ಟು ಬೇಗ ಮುಗಿದುಹೋಗಿತ್ತು. ಬನವಾಸಿ ಗರಡಿಯ ವಸ್ತಾದ ಸಂಗಯ್ಯ ತಲೆಯ ಪಟಗ ಬಿಚ್ಚಿ ಗಾಳಿಗೆ ಹಾರಿಸಿ ಕುಣಿದ.

ಅದು ಐವತ್ತಾರನೆಯ ಇಸವಿಯ ಭಾದ್ರಪದ. ಶಿರಸಿ ಸೀಮೆ ಆಗಿನ್ನೂ ಮುಂಬಯಿ ಸರಕಾರದ ಕೈಯಲ್ಲಿತ್ತು. ಇಲ್ಲಿ ಗೆದ್ದವನು ಮುಂಬಯಿಯ ದೊಡ್ಡ ಕುಸ್ತಿಗೆ ಹೋಗಬೇಕು. ಹೋಗಿ ಬಂದವನಿಗೆ, ಅಲ್ಲಿ ಗೆಲ್ಲಲಿ ಸೋಲಲಿ, ಪೊಲೀಸು ನೌಕರಿ ಖಾತ್ರಿ ಎಂಬ ಮಾತಿತ್ತು. ಆದರೆ ಇಪ್ಪತ್ತೈದು ತುಂಬುವುದರೊಳಗೆ. ಗಂಡ ತೀರಿಕೊಂಡ ಮೇಲೂ ಎರಡು ಎಮ್ಮೆಯ ಹಾಲನ್ನು ಮಾರದೆ ಮಗನ ಹೊಟ್ಟೆಗೇ ಹೊಯ್ದ ನೀಲಗಂಗವ್ವ ಬೇಡಿಕೊಂಡದ್ದು ಈ ನೌಕರಿಯೊಂದನ್ನೇ.

ಕೆಳಗೆ ಬಿದ್ದವನು ಆಯ್ಕೆ ಸಮಿತಿಯ ಅಧ್ಯಕ್ಷ ಮಧುಕೇಶ್ವರಪ್ಪ ಸಾಹುಕಾರರ ಅಕ್ಕನ ಮಗ. ಸಾಹುಕಾರರು ಸಿಟ್ಟಾಗಲಿಲ್ಲ. ನಗುತ್ತಲೇ ಕಾರಕೂನನ ಕಡೆ ತಿರುಗಿ, "ಫಾರಮು ತುಂಬ್ರಿ," ಎಂದರು.

ಹೆಸರಾಯಿತು, ತಂದೆಯ ಹೆಸರಾಯಿತು, ವಯಸ್ಸು ಇಪ್ಪತ್ಮೂರು. ಆಮೇಲೆ ಹುಟ್ಟಿದೂರು. ಶಿವಪುತ್ರಪ್ಪ ತಾಯಿಯ ಕಡೆ ನೋಡಿದ. ಹುಟ್ಟಿದವನಿಗಿಂತ ಹಡೆದವಳೇ ಚೆನ್ನಾಗಿ ಬಲ್ಲಳು.

"ಆನವಟ್ಟಿ ಅಂತ ಬರಕೋರಿ," ಎಂದು ನೀಲಗಂಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನನ್ನ ತವರುಮನಿ. ಚೊಚ್ಚಲ ಹೆರಿಗಿ ಅಲ್ಲೇನ್ರಿ? ಐದು ತಿಂಗಳಾಗ ಕುಪ್ಪಸದ ಶಾಸ್ತ್ರ ಮಾಡಿ, ಏಳರಾಗ ನಮ್ಮಪ್ಪ ಬಂಡಿ ಕಟ್ಟಿಕೊಂಡು ಬಂದು ಕರಕೊಂಡು ಹೋದ. ಗಂಡನ ಮನ್ಯಾಗ ಹಡಿಯಾಕ ನಾನೇನು ದಿಕ್ಕಿಲ್ಲದಾಕಿ ಏನ್ರಿ?"

"ಆನವಟ್ಟಿ ಮೈಸೂರು ಸೀಮಿ ಅಲ್ಲೇನವ್ವಾ?" ಸಾಹುಕಾರರು ಕನ್ನಡಕ ತೆಗೆದರು. "ವರದಾ ಹೊಳಿ ದಾಟಿದ್ರ ಪರರಾಜ್ಯ. ಮೈಸೂರಾಗ ಹುಟ್ಟಿದಾಂವನ್ನ ಮುಂಬಯಿ ಪೈಲವಾನ ಅಂತ ಹೆಂಗ ಕಳಸೂಣು?"

"ಬ್ಯಾಸಗಿಯಾಗ ಮೊಣಕಾಲುದ್ದ ನೀರಿರ್ತೈತ್ರಿ ಸಾವ್ಕಾರ್ರ. ನಮ್ಮ ಎಮ್ಮಿ ಆ ದಂಡಿಗೆ ಮೇದು ಈ ದಂಡಿಗೆ ಬರ್ತಾವ."

"ಎಮ್ಮಿ ಫಾರಮು ತುಂಬಂಗಿಲ್ಲವ್ವಾ."

ಕಾರಕೂನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಮಣ್ಣು ಹತ್ತಿದ ಬೆನ್ನನ್ನು ಒರೆಸಿಕೊಂಡು ಸಾಹುಕಾರರ ಅಳಿಯ ಮುಂಬಯಿಗೆ ಹೋದ.

ಬನವಾಸಿಯ ದಾರಿಯಲ್ಲಿ ನೀಲಗಂಗವ್ವನಿಗೆ ಸಂಗಯ್ಯನೇ ಸಮಾಧಾನ ಹೇಳಿದ: "ಇನ್ನೆರಡು ತಿಂಗಳು ತಡಕೋ ತಂಗಿ. ಕಾರ್ತೀಕಕ್ಕ ಎಲ್ಲಾ ಒಂದ ರಾಜ್ಯ ಆಕ್ಕೈತಿ. ಆನವಟ್ಟಿನೂ ನಮ್ಮದ, ಬನವಾಸಿನೂ ನಮ್ಮದ. ಆಗ ಅಂವಾ ಏನ್ ಕೇಳ್ತಾನ ನೋಡೂಣು."

ಆಯಿತು. ನವೆಂಬರಿನಲ್ಲಿ ಎಲ್ಲ ಒಂದಾಯಿತು. ಮಧುಕೇಶ್ವರಪ್ಪ ಸಾಹುಕಾರರು ಬನವಾಸಿಗೇ ಬಂದು, ಊರ ಅಗಸೆ ಬಾಗಿಲಲ್ಲಿ ನಿಂತು ಭಾಷಣ ಮಾಡಿ, ಮನೆಮನೆಗೂ ಪೇಢೆ ಹಂಚಿಸಿದರು. ನೀಲಗಂಗವ್ವ ತನ್ನ ಪಾಲಿನದನ್ನು ದೇವರ ಜಗಲಿಯ ಮುಂದಿಟ್ಟು ಲಿಂಗಕ್ಕೆ ತೋರಿಸಿ ತಿಂದಳು. ಸಿಹಿಯಾಗಿಯೇ ಇತ್ತು.

ಮರುವರ್ಷ ಅದೇ ಕಚೇರಿ, ಅದೇ ಬಯಲು, ಅದೇ ಕುರ್ಚಿಯಲ್ಲಿ ಅದೇ ಸಾಹುಕಾರರು. ಗೋಡೆಯ ನಕಾಶೆ ಮಾತ್ರ ಹೊಸದು. ಮುಂಬಯಿ ಸರಕಾರದ ಜೊತೆಗೆ ಅದರ ನೌಕರಿಯ ಮಾತೂ ಹೋಗಿದ್ದರಿಂದ ಅಳಿಯನೂ ಮತ್ತೆ ಕಣಕ್ಕಿಳಿದಿದ್ದ. ಶಿವಪುತ್ರಪ್ಪ ಅದೇ ಅಳಿಯನನ್ನು ಅದೇ ಪಟ್ಟಿನಲ್ಲಿ ಕೆಡವಿದ. ಈ ಸಲ ಗೆದ್ದವನು ಬೆಂಗಳೂರಿಗೆ.

ಸಂಗಯ್ಯ ಕಿವಿಯಲ್ಲಿ ಹೇಳಿದ್ದ: "ತಂಗಿ, ಹುಟ್ಟಿದ್ದು ಬನವಾಸಿ ಅಂದುಬಿಡು. ಯಾರು ತೊಟ್ಟಿಲಾ ನೋಡಾಕ ಹೋಗಿದ್ರು?"

"ಸುಳ್ಳು ಯಾಕೋ ಅಣ್ಣಾ? ಹೋದ ವರ್ಸ ತಪ್ಪಾಗಿದ್ದ ಊರು ಈ ವರ್ಸ ಸರಿ ಆತಲ್ಲ." ತವರು ಬಚ್ಚಿಡುವುದೆಂದರೆ, ಬಂಡಿ ಕಟ್ಟಿಕೊಂಡು ಬಂದ ಅಪ್ಪನನ್ನು ಅರ್ಧ ದಾರಿಯಿಂದಲೇ ಹಿಂದೆ ಕಳಿಸಿದ ಹಾಗೆ. ಅದು ಅವಳಿಂದ ಆಗದು. ಕೇಳಿದ್ದಕ್ಕೆ ಎದೆಯೆತ್ತಿ ಹೇಳಿದಳು, "ಆನವಟ್ಟಿ. ಹಳೇ ಮೈಸೂರು."

"ಅಂದ್ರ ಶಿವಮೊಗ್ಗಾ ಜಿಲ್ಲಾ," ಎಂದರು ಸಾಹುಕಾರರು. "ನಂದು ಕಾರವಾರ ಜಿಲ್ಲಾ ಸಮಿತಿ. ಹುಟ್ಟಿದ ಜಿಲ್ಲಾದಿಂದನ ಹೋಗಬೇಕಂತ ಹೊಸಾ ಕಾಯಿದೆ ಬಂದೈತಿ."

ನೀಲಗಂಗವ್ವ ಅಳಿಯನ ಕಡೆ ಕೈ ತೋರಿಸಿದಳು. "ನಿಮ್ಮ ಅಳಿಯ ಹುಬ್ಬಳ್ಳಿ ದವಾಖಾನಿಯಾಗ ಹುಟ್ಟಿದಾಂವ. ಊರೆಲ್ಲಾ ಬಲ್ಲದು. ಅದು ಯಾವ ಜಿಲ್ಲಾರಿ?"

"ದವಾಖಾನಿ ಸರಕಾರದ್ದವ್ವಾ. ಅದಕ್ಕ ಜಿಲ್ಲಾ ಇಲ್ಲ."

ಈ ಸಲ ಕಾರಕೂನ ನಗಲಿಲ್ಲ. ಮಸಿದೌತಿಯ ಮುಚ್ಚಳ ಹುಡುಕುತ್ತ ಬಗ್ಗಿದ.

ತಾಯಿ-ಮಗ ಶಿವಮೊಗ್ಗಕ್ಕೂ ಹೋದರು. ಎರಡು ಬಸ್ಸು ಬದಲಿಸಿ, ಒಂದಿಡೀ ದಿನ ಮೆಟ್ಟಿಲ ಮೇಲೆ ಕೂತರು. ಒಳಗಿನವನು ಕಾಗದ ನೋಡಿ, "ಇರೋದು ಬನವಾಸೀಲಿ, ಇಲ್ಲಿಗೆ ಯಾಕಮ್ಮ ಬಂದ್ರಿ? ಇರೋ ಜಿಲ್ಲೇಲಿ ಕೇಳ್ಕೊಳ್ಳಿ," ಎಂದ. ಹುಟ್ಟಿದ ಜಿಲ್ಲೆ ಇರುವ ಜಿಲ್ಲೆಯನ್ನು ತೋರಿಸಿತು, ಇರುವ ಜಿಲ್ಲೆ ಹುಟ್ಟಿದ ಜಿಲ್ಲೆಯನ್ನು. ಹೀಗೆ ತೋರಿಸಿಕೊಳ್ಳುವುದರಲ್ಲೇ ಶಿವಪುತ್ರಪ್ಪನಿಗೆ ಇಪ್ಪತ್ತೈದು ತುಂಬಿತು. ಸಾಹುಕಾರರ ಅಳಿಯ ಶಿರಸಿಯ ಠಾಣೆಯಲ್ಲಿ ಟೊಪ್ಪಿಗೆ ಹಾಕಿಕೊಂಡು ನಿಂತ.

ಶಿವಪುತ್ರಪ್ಪ ಯಲ್ಲಾಪುರದ ನಾಟಾ ಡಿಪೋಕ್ಕೆ ಹೋದ. ಲಾರಿಗೆ ಸಾಗವಾನಿ ದಿಮ್ಮಿ ಏರಿಸುವ ಕೆಲಸ. ನಾಲ್ವರು ಎತ್ತುವ ತುದಿಯನ್ನು ಅವನೊಬ್ಬನೇ ಎತ್ತುತ್ತಾನೆಂದು ಲಾರಿಯವರು ಹೊಗಳುತ್ತಿದ್ದರಂತೆ. ಎರಡು ಎಮ್ಮೆಯ ಹಾಲು ಹೀಗೆ ಮರ ಹೊತ್ತಿತು.

ಅರವತ್ತೊಂದರಲ್ಲಿ ಅವನಿಗೆ ಮದುವೆಯಾಯಿತು. ಹುಡುಗಿ ಹಾನಗಲ್ಲ ಕಡೆಯವಳು, ಪಾರ್ವತವ್ವ. ಮರುವರ್ಷ ಬಸುರಾದಳು. ಏಳು ತುಂಬಿದಾಗ ಅವಳ ತಾಯಿ ಗುರುಶಾಂತವ್ವ ಬಂಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಬುಟ್ಟಿ ತುಂಬ ಉಂಡಿ ಹೊತ್ತು ಮಗಳನ್ನು ಕರೆದೊಯ್ಯಲು ಬಂದಳು. ಪಾರ್ವತವ್ವ ನಸುಕಿನಲ್ಲೇ ತಲೆ ಎರೆದುಕೊಂಡು ಹಸಿರು ಸೀರೆ ಉಟ್ಟು ಕೂತಿದ್ದಳು.

"ನಿಮ್ಮೂರು ಯಾವ ಜಿಲ್ಲಾ ಬೀಗತಿ?" ನೀಲಗಂಗವ್ವ ಕೇಳಿದಳು.

"ಇದೇನು ಕೇಳ್ತೀರಿ? ಧಾರವಾಡ ಜಿಲ್ಲಾ."

"ಇವತ್ತ ಹೌದು."

"ನಾಳಿಗೆ ಊರು ಎದ್ದು ನಡಕೊಂಡು ಹೋಗತೈತೇನ್ರಿ?" ಗುರುಶಾಂತವ್ವ ನಗಲು ನೋಡಿದಳು.

"ಊರು ಹೋಗಂಗಿಲ್ಲ. ಗೆರಿ ಹೋಗತೈತಿ. ನಾ ಕಳಸಂಗಿಲ್ಲ. ಹುಡುಗಿ ಇಲ್ಲೇ ಹಡೀಲಿ."

ಗುರುಶಾಂತವ್ವನ ಮುಖ ಸುಣ್ಣವಾಯಿತು. "ಚೊಚ್ಚಲ ಹೆರಿಗಿಗೆ ತವರು ತಪ್ಪಿಸ್ತೀರೇನ್ರಿ? ನನ್ನ ಮಗಳೇನು ದಿಕ್ಕಿಲ್ಲದಾಕಿ ಏನು?"

ತನ್ನದೇ ಮಾತು ತನ್ನ ಬಾಗಿಲಿಗೆ ಬಂದು ನಿಂತಿತ್ತು. ನೀಲಗಂಗವ್ವ ಅದಕ್ಕೆ ಕುಡಿಯಲು ನೀರೂ ಕೊಡಲಿಲ್ಲ. ಬೀಗತಿ ಉಂಡಿಯ ಬುಟ್ಟಿಯನ್ನು ಕಟ್ಟೆಯ ಮೇಲೆ ಬಿಟ್ಟು, ಬರಿ ಕೌದಿಯ ಪಕ್ಕ ತಾನೊಬ್ಬಳೇ ಕೂತು ಬಂಡಿ ಹೊಡೆಸಿದಳು. ಒಳಗೆ ಪಾರ್ವತವ್ವ ಹಸಿರು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು.

ಅಷ್ಟರಲ್ಲೇ ಶಿವಪುತ್ರಪ್ಪ ಬಸ್ಸಿಳಿದು ಬಂದ. ಹೆಂಡತಿಯನ್ನು ಕಳಿಸಿಕೊಡಲೆಂದೇ ರಜೆ ಕೇಳಿಕೊಂಡು ಬಂದಿದ್ದ. ಬುಟ್ಟಿ ನೋಡಿದ, ಒಳಗಿನ ಅಳು ಕೇಳಿದ, ತಾಯಿ ಹೇಳಿದ್ದನ್ನೂ ಕೇಳಿದ. ದಿಮ್ಮಿ ಹೊತ್ತು ಜಡ್ಡುಗಟ್ಟಿದ ಹೆಗಲನ್ನು ಉಜ್ಜಿಕೊಳ್ಳುತ್ತ ಕಟ್ಟೆಯ ಮೇಲೆ ಕೂತ.

"ಯವ್ವಾ, ಅವರು ಊರು ಕೇಳಿದ್ದು ನಾ ಗೆದ್ದ ಮ್ಯಾಲೆ. ಬನವಾಸಿಯಾಗ ಹುಟ್ಟಿದ್ರ ಬ್ಯಾರೆ ಏನರ ಕೇಳತಿದ್ರು."

ಬಂಡಿಯ ಗೆಜ್ಜೆ ಸಪ್ಪಳ ಇನ್ನೂ ಅಗಸೆ ದಾಟಿರಲಿಲ್ಲ. ಕೂಗಿದರೆ ಕೇಳುತ್ತಿತ್ತು. ನೀಲಗಂಗವ್ವ ಬಾಗಿಲ ಚೌಕಟ್ಟು ಹಿಡಿದು, ಆ ಸಪ್ಪಳ ಪೂರಾ ನಿಲ್ಲುವ ತನಕ ಅಲ್ಲೇ ನಿಂತಿದ್ದಳು. ಕೂಗಲಿಲ್ಲ.