ಬಿಡುಗಡೆಯಾದವರು ಕೇಳಿ ಪಡೆಯಬೇಕು

ಲೀಲಾಧರನ ಉಪಕಾರ ಕಾಪುವಿನ ಕಡಲ ಬದಿಯಲ್ಲಿ ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲದೆ ಇರಲು ಅವನೇ ಬಿಡುವುದಿಲ್ಲ. ಯಾರ ಮನೆಗೆ ಕರೆಂಟು ಬಂದರೂ ಅವನು ಹೇಳಿದ್ದಕ್ಕೆ ಬಂದದ್ದು, ಯಾರ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದರೂ ಅವನ ಒಂದು ಫೋನಿಗೆ ಸಿಕ್ಕಿದ್ದು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಗುತ್ತದೆ ಎಂದುಕೊಂಡ ಮುದುಕಿ ಒಂದು ಕೋಳಿಯನ್ನಾದರೂ ಸಾಕಿದ್ದಳು. ಲೀಲಾಧರನ ಹತ್ತಿರ ಇದ್ದದ್ದು ಇಸ್ತ್ರಿ ಹಾಕಿದ ಬಿಳಿ ಶರ್ಟು ಮತ್ತು ಎರಡು ಮೊಬೈಲು ಮಾತ್ರ.

ಆ ಉಪಕಾರ ಪಡೆದವರಲ್ಲಿ ಮೀನು ಮಾರುವ ಸುಗಂಧಿಯೂ ಒಬ್ಬಳು. ಹತ್ತು ಹನ್ನೊಂದು ವರ್ಷಗಳ ಹಿಂದೆ ಅವಳ ಮೇಲೆ ಒಂದು ಕ್ರಿಮಿನಲ್ ಕೇಸಾಗಿತ್ತು. ಗಂಡ ಶೇಖರ ಆಗ ಬೋಟಿನಲ್ಲಿದ್ದ, ಮಗಳು ಚಿಕ್ಕವಳು. ಹೆದರಿ ಲೀಲಾಧರನ ಅಂಗಳಕ್ಕೆ ಹೋಗಿ ನಿಂತಾಗ ಅವನು ಪೂರ್ತಿ ಕೇಳಿಸಿಕೊಳ್ಳದೆ, "ನಾನು ನೋಡಿಕೊಳ್ಳುತ್ತೇನೆ, ಹೋಗು" ಎಂದಿದ್ದ. ಕೇಸು ಮುಗಿಯಿತು, ಸುಗಂಧಿಯನ್ನು ಬಿಟ್ಟರು. "ನಾನು ಮಾತಾಡಿ ಮುಗಿಸಿದ್ದು" ಎಂದ ಲೀಲಾಧರ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಗಿತ್ತು, ಆದರೆ ಹೆದರಿದವರಿಗೆ ಕಾಗೆ ಹದ್ದಿನಷ್ಟು ದೊಡ್ಡದಾಗಿ ಕಾಣುತ್ತದೆ. ಅಂದಿನಿಂದ ಅವನು ಎದುರು ಸಿಕ್ಕರೆ ಬದಿಗೆ ಸರಿಯುವುದು, ಸಭೆಯಲ್ಲಿ ಅವನು ಮಾತಾಡಿದ ಮೇಲೆ ತಾನು ಬಾಯಿ ಮುಚ್ಚುವುದು ಅವಳಿಗೆ ರೂಢಿಯಾಯಿತು. ಯಾರ ಮುಂದೆಯೂ ತಗ್ಗದ ಹೆಂಗಸು ಇವನೊಬ್ಬನ ಮುಂದೆ ತಗ್ಗುತ್ತಿದ್ದಳು, ಮತ್ತು ಪ್ರತಿ ಸಲವೂ ಮನೆಗೆ ಬಂದು ತನ್ನ ಮೇಲೆಯೇ ಸಿಟ್ಟಾಗುತ್ತಿದ್ದಳು.

ಈ ವರ್ಷ ಮೀನು ಮಾರುವ ಹೆಂಗಸರ ಸಂಘಕ್ಕೆ ಹೊಸ ಅಧ್ಯಕ್ಷೆ ಬೇಕಾಯಿತು. ಹೆಂಗಸರೆಲ್ಲ ಸುಗಂಧಿಯ ಹೆಸರು ಹೇಳಿದರು. ಅವಳಿಗೂ ಆಸೆಯಿತ್ತು, ಮಾರ್ಕೆಟಿನಲ್ಲಿ ಹೆಂಗಸರು ಕೂರುವ ಜಾಗಕ್ಕೆ ಬಿಸಿಲು ಮಳೆ ತಡೆಯುವ ಒಂದು ಮಾಡು ಹಾಕಿಸಬೇಕೆಂದು ಎಷ್ಟೋ ಕಾಲದಿಂದ ಹೇಳುತ್ತಿದ್ದವಳು ಅವಳೇ. ಸಂಘಕ್ಕೆ ಸಲಹೆಗಾರನಾಗಿದ್ದ ಲೀಲಾಧರನಿಗೆ ಮಾತ್ರ ತನ್ನ ಅತ್ತಿಗೆ ಅಧ್ಯಕ್ಷೆಯಾಗಬೇಕಿತ್ತು. ಒಂದು ಸಂಜೆ ಸುಗಂಧಿಯ ಮನೆ ಬಾಗಿಲಿಗೇ ಬಂದ.

"ನೋಡು ಸುಗಂಧಿ, ನಿನ್ನ ಒಳ್ಳೆಯದಕ್ಕೆ ಹೇಳುವುದು. ನೀನು ನಿಂತರೆ ಹಳೆಯ ಕೇಸು ಮೇಲೆ ಬರುತ್ತದೆ. ನಾನು ಮುಚ್ಚಿ ಹಾಕಿದ್ದು ಅದು, ಗೊತ್ತುಂಟಲ್ಲ? ಮುಚ್ಚಿದ್ದನ್ನು ಯಾಕೆ ತೆಗೆಯುವುದು?"

ಅವನು ಹೋದ ಮೇಲೂ ಆ ಮಾತು ಅವಳ ಕಿವಿಯಲ್ಲಿ ಉಳಿಯಿತು. ಮುಚ್ಚಿ ಹಾಕಿದ್ದು! ಅಂದರೆ ಅವಳು ತಪ್ಪು ಮಾಡಿದ್ದಳು, ಅವನು ಕರುಣೆ ತೋರಿಸಿದ. ಮಗಳು ಅಕ್ಷಿತಾ ಮಣಿಪಾಲದಲ್ಲಿ ಒಂದು ಮುದ್ರಣಾಲಯದಲ್ಲಿ ಕೆಲಸ ಮಾಡುತ್ತ ಪರ್ಕಳದಲ್ಲಿ ಬಾಡಿಗೆ ರೂಮಿನಲ್ಲಿದ್ದಳು. ಸುಗಂಧಿ ಅವಳಿಗೆ ಫೋನು ಮಾಡಿ ಮೊದಲ ಸಲ ಎಲ್ಲವನ್ನೂ ಹೇಳಿದಳು.

ಹೇಳಲು ಬಹಳ ಇರಲಿಲ್ಲ. ಮೀನು ಮಾರುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಲೈನು ಉಂಟು. ಒಬ್ಬಳು ಮಾರುವ ದಾರಿಗೆ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ಅದು ಬರೆದಿಟ್ಟ ಕಾನೂನಲ್ಲ, ಆದರೆ ಮೀರಿದವರಿಲ್ಲ. ಸುಗಂಧಿಯದು ಬೆಳ್ಮಣ್ಣಿನಿಂದ ಕಾರ್ಕಳದವರೆಗಿನ ಲೈನು. ಒಂದು ದಿನ ಟೆಂಪೋದಲ್ಲಿ ಮೀನು ತಂದ ಗಂಡಸೊಬ್ಬ ಅವಳು ಕೂರುವ ಜಾಗದಲ್ಲೇ ಗಾಡಿ ನಿಲ್ಲಿಸಿ, ಏಳು ಎಂದ. ಏಳದಿದ್ದಾಗ ಬುಟ್ಟಿಯನ್ನು ಕಾಲಿನಿಂದ ನೂಕಿದ. ಬುಟ್ಟಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ಸುಗಂಧಿ. ಎದ್ದು ಅವನನ್ನು ಆಚೆ ತಳ್ಳಿದಳು. ಅವನು ಚರಂಡಿಗೆ ಬಿದ್ದು ಕೈ ಮುರಿದುಕೊಂಡು ಪೊಲೀಸರಿಗೆ ದೂರು ಕೊಟ್ಟ.

"ಕೋರ್ಟಿಗೆ ಹೋಗುವ ದಿನ ನಮಗೆ ಯಾರಿಗೂ ಯಾಕೆ ಗೊತ್ತಾಗಲಿಲ್ಲ?" ಎಂದಳು ಅಕ್ಷಿತಾ.

"ಬುಟ್ಟಿ ತಗೊಂಡೇ ಹೋಗ್ತಿದ್ದೆ ಮಾರಾಯ್ತಿ. ಲೈನಿಗೆ ಹೋಗಿದ್ದಾಳೆ ಅಂತ ಎಲ್ಲರೂ ಎಣಿಸಿದರು. ಮೀನು ಮಾರಿ, ಖಾಲಿ ಬುಟ್ಟಿಯನ್ನು ಹೊರಗೆ ಮರದಡಿ ಇಟ್ಟು ಒಳಗೆ ಹೋಗಿ ನಿಲ್ಲುವುದು. ಕೊನೆಗೆ ಒಂದು ದಿನ ವಕೀಲರು, ಕೇಸು ಬಿಟ್ಟಿತು, ಹೋಗಿ ಎಂದರು. ಬಂದೆ."

"ಯಾಕೆ ಬಿಟ್ಟರು ಅಂತ ಕೇಳಲಿಲ್ವಾ?"

"ಬಿಟ್ಟವರನ್ನು ಯಾಕೆ ಬಿಟ್ಟಿರಿ ಅಂತ ಯಾರಾದರೂ ಕೇಳ್ತಾರಾ?"

ಮುಂದಿನ ಭಾನುವಾರ ಅಕ್ಷಿತಾ ಮನೆಗೆ ಬಂದು ಕೋರ್ಟುಗಳ ವೆಬ್‌ಸೈಟು ತೆರೆದಳು. ಉಡುಪಿ ಜಿಲ್ಲೆ, ಕಾರ್ಕಳದ ನ್ಯಾಯಾಲಯ, ಪಕ್ಷಗಾರರ ಹೆಸರು, ವರ್ಷ, ಎಲ್ಲ ಹಾಕಿ ಹುಡುಕಿದಳು. ಏನೂ ಬರಲಿಲ್ಲ. ಹಿಂದಿನ ವರ್ಷ ಹಾಕಿದಳು, ಮುಂದಿನ ವರ್ಷ ಹಾಕಿದಳು.

"ಅಮ್ಮಾ, ನಿನ್ನ ಹೆಸರೇ ಇಲ್ಲ ಇಲ್ಲಿ."

ಸುಗಂಧಿಯ ಮುಖ ಇಳಿಯಿತು. ಇಷ್ಟು ದಿನ ಒಳಗೊಳಗೆ ಲೀಲಾಧರನ ಮಾತು ಬೊಗಳೆಯಾಗಿರಲಿ ಎಂದು ಹಾರೈಸುತ್ತಿದ್ದಳು. ಈಗ ನೋಡಿದರೆ ಸರಕಾರದ ಕಂಪ್ಯೂಟರಿನಲ್ಲಿಯೇ ಕೇಸಿಲ್ಲ. ಹೆಸರನ್ನೇ ಅಳಿಸಿ ಹಾಕುವಷ್ಟು ಕೈ ಉದ್ದ ಇದ್ದವನಿಗೆ ಎದುರು ನಿಲ್ಲುವುದು ಹೇಗೆ?

"ಅವನು ನಿಜವಾಗಿಯೂ ಮುಚ್ಚಿ ಹಾಕಿದ್ದಾನೆ ಮಗಾ. ಸಾಕು, ಬಿಡು. ನಾನು ನಿಲ್ಲುವುದಿಲ್ಲ."

ಅಕ್ಷಿತಾ ಬಿಡಲಿಲ್ಲ. ಹಟದಲ್ಲಿ ಅವಳು ತಾಯಿಯ ಮಗಳೇ. ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ, ತಲೆಗೆ ಒಂದು ಪೆಟ್ಟು ಕೊಟ್ಟುಕೊಂಡಳು. ಅವಳು ಹುಡುಕಿದ್ದು ಇನ್ನೂ ನಡೆಯುತ್ತಿರುವ ಕೇಸುಗಳಲ್ಲಿ. ಮುಗಿದ ಕೇಸುಗಳಿಗೆ ಬೇರೆ ಗುರುತು ಒತ್ತಬೇಕಿತ್ತು. ಒತ್ತಿದ ಕೂಡಲೇ ಸುಗಂಧಿಯ ಹೆಸರು ಬಂತು. ಕೋರ್ಟಿನ ಕೇಸ್ ನಂಬರು, ತೀರ್ಪಿನ ತಾರೀಕು, ಕೊನೆಯಲ್ಲಿ ಒಂದೇ ಶಬ್ದ: ಬಿಡುಗಡೆ. ತೀರ್ಪನ್ನು ಮಾತ್ರ ಅದರಲ್ಲಿ ಹಾಕಿರಲಿಲ್ಲ.

"ಬಿಟ್ಟದ್ದು ನನಗೂ ಗೊತ್ತುಂಟು. ಯಾಕೆ ಬಿಟ್ಟರು ಎಂದು ತಿಳಿಯಬೇಕು ನನಗೆ," ಎಂದಳು ಸುಗಂಧಿ.

"ಅದಕ್ಕೆ ಕಾರ್ಕಳಕ್ಕೆ ಹೋಗಿ ಅರ್ಜಿ ಹಾಕಬೇಕು."

ಹಾಕಲು ಹೋದರು. ತಾಯಿ ಪಡುಬಿದ್ರಿಯ ಮೇಲಿಂದ, ಮಗಳು ಹಿರಿಯಡಕದ ಮೇಲಿಂದ ಬಂದು ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಸೇರಿದರು. ಬುಟ್ಟಿಯಿಲ್ಲದೆ ಆ ಊರಿಗೆ ಬಂದದ್ದು ಸುಗಂಧಿಗೆ ಇದೇ ಮೊದಲು. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗು ಹಿಡಿದುಕೊಂಡಳು. ನಕಲು ವಿಭಾಗದ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತೆ ಕೇಸಿನ ನಂಬರು ನೋಡಿ ತಲೆಯೆತ್ತಿದಳು.

"ಆರೋಪಿ ನಿಮಗೆ ಎಂತ ಆಗಬೇಕು?"

"ಆರೋಪಿ ನಾನೇ."

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಸುಗಂಧಿಯೂ ತಿರುಗಿ ಅವರನ್ನು ನೋಡಿದಳು. ಅವರೇ ಮೊದಲು ಕಣ್ಣು ತಗ್ಗಿಸಿದರು.

"ಹಾಗಾದರೆ ಸುಲಭ," ಎಂದಳು ಗುಮಾಸ್ತೆ. "ಬೇರೆಯವರಾದರೆ ಯಾಕೆ ಬೇಕು ಎಂದು ಅಫಿಡವಿಟ್ ಹಾಕಿ ಅನುಮತಿ ತೆಗೆಯಬೇಕು. ನೀವು ಅರ್ಜಿ ಬರೆದು ಆಧಾರ್ ಪ್ರತಿ ಕೊಡಿ, ಸ್ಟಾಂಪು ಹಚ್ಚಿ. ಹಳೆಯ ಕಡತ ಅಲ್ವಾ, ರೆಕಾರ್ಡ್ ರೂಮಿನಿಂದ ತರಿಸಬೇಕು. ಶುಕ್ರವಾರ ಬನ್ನಿ. ಅಂದ ಹಾಗೆ ಇಷ್ಟು ವರ್ಷ ಯಾಕೆ ತೆಗೆದುಕೊಳ್ಳಲಿಲ್ಲ?"

"ಯಾರೂ ಕೊಡಲಿಲ್ಲ."

"ಜೈಲು ಶಿಕ್ಷೆಯಾದವರಿಗೆ ನಾವೇ ಧರ್ಮಕ್ಕೆ ಕೊಡುತ್ತೇವಮ್ಮಾ. ಬಿಡುಗಡೆಯಾದವರು ಕೇಳಿ ಪಡೆಯಬೇಕು."

ಅಕ್ಷಿತಾ ಅರ್ಜಿ ತುಂಬುತ್ತ, "ನಕಲು ಯಾತಕ್ಕೆ ಎಂದು ಕೇಳಿದ್ದಾರೆ. ಎಂತ ಬರೆಯಲಿ?" ಎಂದಳು.

"ಓದಲಿಕ್ಕೆ ಎಂದು ಬರೆ," ಎಂದಳು ಸುಗಂಧಿ.

ಶುಕ್ರವಾರ ಮೊಹರು ಒತ್ತಿದ ಪ್ರತಿ ಕೈಗೆ ಬಂತು. ಇಬ್ಬರೂ ಹತ್ತಿರದ ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದು ಕೂತರು. ಕಲಂ, ಉಪಕಲಂ, ಸಾಕ್ಷಿ ಒಂದು, ಸಾಕ್ಷಿ ಎರಡು ಎಂದು ಅಕ್ಷಿತಾ ಓದುತ್ತಿದ್ದರೆ ಚಹಾ ಆರಿಹೋಯಿತು. ಮೂರನೆಯ ಸಾಕ್ಷಿ ಪಕ್ಕದಲ್ಲಿ ತರಕಾರಿ ಮಾರುತ್ತಿದ್ದ ಡುಲ್ಸಿನ್ ಬಾಯಿ ಎಂಬವಳು. ಪೊಲೀಸರೇ ಕರೆದ ಸಾಕ್ಷಿ ಅವಳು. ಪಾಟೀಸವಾಲಿನಲ್ಲಿ ಮಾತ್ರ, ಮೊದಲು ಬುಟ್ಟಿಯನ್ನು ಒದ್ದವನು ದೂರುದಾರನೇ ಎಂದು ಒಪ್ಪಿಕೊಂಡಿದ್ದಳು. ಆಮೇಲೆ ನ್ಯಾಯಾಧೀಶರು ಆರೋಪಿಯನ್ನೇ ಕೇಳಿದ ಭಾಗ ಬಂತು. ಎಲ್ಲದಕ್ಕೂ ಸುಳ್ಳು ಎಂದರೆ ಸಾಕು ಎಂದು ಸರಕಾರ ಕೊಟ್ಟ ಪುಕ್ಕಟೆ ವಕೀಲರು ಹೇಳಿಕೊಟ್ಟಿದ್ದರು. ಸುಗಂಧಿ ಹಾಗೆ ಹೇಳಿರಲಿಲ್ಲ.

ಅಕ್ಷಿತಾ ಓದಿದಳು: "'ನಾನು ತಳ್ಳಿದ್ದು ನಿಜ. ನನ್ನ ಬುಟ್ಟಿಗೆ ಕಾಲು ಹಾಕಿದವನನ್ನು ತಡೆದೆ. ಬೀಳಿಸಬೇಕೆಂದು ತಳ್ಳಲಿಲ್ಲ' ಎಂದು ಆರೋಪಿಯು ಹೇಳಿರುತ್ತಾಳೆ. ತನಗೆ ತೊಂದರೆಯಾಗಬಹುದಾದ ಸಂಗತಿಯನ್ನೂ ಮರೆಮಾಚದೆ ಒಪ್ಪಿಕೊಂಡಿರುವ ಆರೋಪಿಯ ವಿವರಣೆಯು ನಂಬಲರ್ಹವಾಗಿದೆ."

"ಕೊನೆಯದ್ದು ಇನ್ನೊಮ್ಮೆ ಓದು."

"ನಂಬಲರ್ಹವಾಗಿದೆ."

"ಅಂದರೆ ನನ್ನ ಮಾತು ನಂಬಿದರು."

"ಹೌದಮ್ಮಾ. ನಿನ್ನ ಮಾತೇ."

ಸುಗಂಧಿಗೆ ಅಳು ಬರಲಿಲ್ಲ, ಹೆಮ್ಮೆಯಾಯಿತು. ಇಂಥ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ, ಮಗಳು ಪಾಸಾದಾಗಲೂ ಆಗಿರಲಿಲ್ಲ. ಅವೆಲ್ಲ ಇನ್ನೊಬ್ಬರೊಂದಿಗೆ ಹಂಚಿಕೊಂಡ ಹೆಮ್ಮೆ. ಇದು ಪೂರ್ತಿ ಅವಳದು. ದೊಡ್ಡ ಕುರ್ಚಿಯಲ್ಲಿ ಕೂತವರೊಬ್ಬರು, ಅವಳ ಗುರುತು ಪರಿಚಯವಿಲ್ಲದವರು, ಅವಳು ಆಡಿದ ಮಾತನ್ನು ತೂಗಿ ನೋಡಿ ಸರಿಯುಂಟು ಎಂದು ಬರೆದಿಟ್ಟಿದ್ದರು. ಆ ಬರಹ ಇಷ್ಟು ವರ್ಷ ಕಾರ್ಕಳದ ಕಪಾಟಿನಲ್ಲಿ ಅವಳಿಗಾಗಿ ಕಾದಿತ್ತು, ಅವಳು ಊರಿನಲ್ಲಿ ಲೀಲಾಧರನಿಗೆ ದಾರಿ ಬಿಟ್ಟು ನಿಂತಿದ್ದಳು. ಮೊದಲ ಪುಟದಿಂದ ಕೊನೆಯ ಮೊಹರಿನವರೆಗೆ ಅವನ ಹೆಸರು ಎಲ್ಲಿಯೂ ಇರಲಿಲ್ಲ.

ಸಂಘದ ಸಭೆ ಎರಡು ದಿನ ಬಿಟ್ಟು ನಡೆಯಿತು. ಸುಗಂಧಿಯ ಹೆಸರು ಯಾರೋ ಸೂಚಿಸಿದ ಕೂಡಲೇ ಲೀಲಾಧರ ಗಂಟಲು ಸರಿಪಡಿಸಿಕೊಂಡು ಎದ್ದ.

"ನನಗೆ ಹೇಳಲಿಕ್ಕೆ ಮನಸ್ಸಿಲ್ಲ. ಆದರೆ ಸಂಘದ ಮರ್ಯಾದೆ ಪ್ರಶ್ನೆ ಅಲ್ವಾ? ಸುಗಂಧಿಯ ಮೇಲೆ ಕ್ರಿಮಿನಲ್ ಕೇಸು ಇತ್ತು. ನಾನು ದೊಡ್ಡವರ ಹತ್ತಿರ ಮಾತಾಡಿ ಮುಗಿಸಿದೆ. ಬೇಕಾದರೆ ಅವಳನ್ನೇ ಕೇಳಿ."

ಎಲ್ಲರೂ ಅವಳ ಕಡೆ ತಿರುಗಿದರು. ಸುಗಂಧಿ ಎದ್ದು ನಿಂತಳು.

"ಕೇಸು ಇತ್ತು, ಹೌದು. ನೀವು ಯಾವ ಕೋರ್ಟಿನಲ್ಲಿ ಮಾತಾಡಿದ್ದು ಲೀಲಾಧರಣ್ಣ?"

"ಯಾವ ಕೋರ್ಟು ಎಂದರೆ? ಉಡುಪಿಯಲ್ಲಿ, ಮತ್ತೆಲ್ಲಿ? ನಾನೇ ಎಷ್ಟು ಸಲ ಹೋಗಿ ಬಂದಿದ್ದೇನೆ ನಿನಗೋಸ್ಕರ!"

"ಕೇಸು ನಡೆದದ್ದು ಕಾರ್ಕಳದಲ್ಲಿ," ಎಂದಳು ಸುಗಂಧಿ, ಮತ್ತು ತೀರ್ಪಿನ ಪ್ರತಿಯನ್ನು ಸಂಘದ ಕಾರ್ಯದರ್ಶಿ ಚೈತಾಲಿಯ ಕೈಗೆ ಕೊಟ್ಟಳು. "ಎಲ್ಲರಿಗೂ ಕೇಳುವ ಹಾಗೆ ಓದು. ನಾನು ತಳ್ಳಿದ್ದೂ ಅದರಲ್ಲಿ ಉಂಟು, ಅದನ್ನೂ ಬಿಡಬೇಡ."

ಚೈತಾಲಿ ಓದಿದಳು. ಬುಟ್ಟಿಗೆ ಕಾಲು ಹಾಕಿದ ಮಾತು ಬಂದಾಗ ಹೆಂಗಸರು ಒಟ್ಟಿಗೆ ಉಸಿರೆಳೆದರು. ನಂಬಲರ್ಹ ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿನವಳೊಬ್ಬಳು ಚಪ್ಪಾಳೆ ಹೊಡೆದಳು, ಉಳಿದವರು ಸೇರಿಕೊಂಡರು. ಲೀಲಾಧರ ಒಂದು ಮೊಬೈಲನ್ನು ಕಿವಿಗೆ ಹಿಡಿದ, ಅದು ರಿಂಗಾಗಿರಲಿಲ್ಲ. ಮಾತಾಡುವವನಂತೆ ಹೊರಗೆ ಹೋದ.

"ನನ್ನನ್ನು ಬಿಡಿಸಿದ್ದು ನನ್ನ ಮಾತು ಮತ್ತು ತರಕಾರಿ ಮಾರುವ ಡುಲ್ಸಿನ್ ಬಾಯಮ್ಮನ ಸತ್ಯ," ಎಂದಳು ಸುಗಂಧಿ. "ಇನ್ನು ನನ್ನ ಹೆಸರು ಬರೆಯಿರಿ."

ಬರೆದರು. ಎದುರು ಯಾರೂ ನಿಲ್ಲಲಿಲ್ಲ, ಲೀಲಾಧರನ ಅತ್ತಿಗೆಯೂ. ಜನ ಏಳುವಾಗ ಗೋಡೆಯ ಬದಿ ಕೂತಿದ್ದ ಮುದುಕಿಯೊಬ್ಬಳು ಅವಳ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ನನ್ನ ಮಗನ ಮೇಲೂ ಒಂದು ಕೇಸು ಇತ್ತು ಸುಗಂಧಿ. ಅದನ್ನೂ ತಾನೇ ಮುಗಿಸಿದ್ದು ಎಂದಿದ್ದ ಇವನು. ಆ ಕಾಗದ ನಮಗೂ ಸಿಗುತ್ತದಾ?"

ಅವಳ ಹಿಂದೆ ಇನ್ನಿಬ್ಬರು ನಿಂತಿದ್ದರು, ಕೇಳಲು ನಾಚಿಕೊಂಡು. ಸುಗಂಧಿ ಕುರ್ಚಿಯನ್ನು ಮುದುಕಿಯ ಎದುರು ಎಳೆದು ಕೂತಳು.

"ಸಿಗುತ್ತದೆ. ಗಲಾಟೆ ಎಲ್ಲಿ ನಡೆದದ್ದು, ಯಾವ ವರ್ಷ, ಅದನ್ನು ಮೊದಲು ಹೇಳು," ಎಂದಳು.